ಕನ್ನಡ ಟೈಪಿಂಗ್‌ಗೆ ಎರಡು ತುಂಡಿನ ಕೀಬೋರ್ಡ್: ಯಾವ ಫರ್ಮ್‌ವೇರ್ ಹಾಕಲಿ?

ಬಳ್ಳಾರಿಯಿಂದ ಪ್ರಶ್ನೆ: ನಾನು, ನನ್ನ ಗಂಡ ಸೇರಿ ಕೋರ್ಟ್ ಹತ್ತಿರ ಡಿಟಿಪಿ ಅಂಗಡಿ ನಡೆಸುತ್ತೇವೆ. ದಿನವಿಡೀ ನುಡಿ ತಂತ್ರಾಂಶದಲ್ಲಿ ಅರ್ಜಿ, ಕರಾರುಪತ್ರ ಟೈಪ್ ಮಾಡಿ ಕಿರುಬೆರಳು, ಮಣಿಕಟ್ಟು ಎರಡೂ ನೋಯುತ್ತಿವೆ. ಅದಕ್ಕೆ 42 ಕೀಗಳ ಕಾರ್ನ್ ಕೀಬೋರ್ಡ್ ತರಿಸಿದ್ದೇನೆ, ಎಡಗೈಗೊಂದು ಬಲಗೈಗೊಂದು ತುಂಡು. ಇದರೊಳಗೆ ಓಡುವ ಪ್ರೋಗ್ರಾಂಗೆ, ಅಂದರೆ ಫರ್ಮ್‌ವೇರ್‌ಗೆ, ಕ್ಯೂಎಂಕೆ, ವಿಯಾ, ವಯಲ್, ಝಡ್‌ಎಂಕೆ ಅಂತ ಏನೇನೋ ಹೇಳುತ್ತಾರೆ. ಯಾವುದು ಹಾಕಲಿ? ಕನ್ನಡ ಬರುತ್ತಾ? ಬಳಸಿದವರು ಹೇಳಿ.

ರಾಯಚೂರಿನಿಂದ: ಅಕ್ಕಾ, ಮೊದಲು ಕನ್ನಡದ ಚಿಂತೆ ಬಿಡಿ. ಕೀಬೋರ್ಡ್ ಕಂಪ್ಯೂಟರಿಗೆ ಅಕ್ಷರ ಕಳಿಸುವುದಿಲ್ಲ, ಯಾವ ಕೀ ಒತ್ತಿದಿರಿ ಅನ್ನುವ ನಂಬರ್ ಮಾತ್ರ ಕಳಿಸುತ್ತದೆ. ಅದನ್ನು ಕನ್ನಡ ಮಾಡುವುದು ನುಡಿ. ಹಾಗಾಗಿ ಯಾವ ಫರ್ಮ್‌ವೇರ್ ಹಾಕಿದರೂ ನುಡಿ ಈಗಿನಂತೆಯೇ ಓಡುತ್ತದೆ.

ನಾನು ಬಳಸುವುದು ವಯಲ್. ಇದು ಕ್ಯೂಎಂಕೆ ಮೇಲೆಯೇ ಕಟ್ಟಿದ್ದು. ಬೋರ್ಡ್ ಸಿಕ್ಕಿಸಿ, ಪರದೆ ಮೇಲೆ ಕೀ ಬದಲಿಸಿದರೆ ಅಲ್ಲೇ ಜಾರಿ, ಪ್ರತಿ ಸಲ ಹೊಸದಾಗಿ ಫರ್ಮ್‌ವೇರ್ ತುಂಬಬೇಕಿಲ್ಲ. ವಿಯಾದಲ್ಲೂ ಇದೇ ಅನುಕೂಲ ಇದೆ, ಆದರೆ ಎರಡು ಕೀ ಒಟ್ಟಿಗೆ ಒತ್ತಿದರೆ ಮೂರನೆಯದು ಬರುವಂಥ ಕಾಂಬೊ, ಒಂದೇ ಕೀ ಎಷ್ಟು ಸಲ ತಟ್ಟಿದಿರಿ ಅನ್ನುವುದರ ಮೇಲೆ ಬೇರೆ ಬೇರೆ ಕೆಲಸ ಮಾಡುವ ಟ್ಯಾಪ್ ಡ್ಯಾನ್ಸ್ ಎಲ್ಲ ಪರದೆ ಮೇಲೆಯೇ ಕೂಡಿಸಲು ವಯಲ್ ಬೇಕು. ಜೋಡಿಸಿದ್ದನ್ನು ಒಂದು ಫೈಲ್ ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಈಗ ಮುಖ್ಯವಾದದ್ದು. ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಹೋಮ್ ರೋ ಮಾಡ್ ಹಾಕಿ ಅಂತಾರೆ. ಅಂದರೆ ಎ, ಎಸ್, ಡಿ, ಎಫ್ ಕೀ ಸುಮ್ನೆ ಒತ್ತಿದರೆ ಅಕ್ಷರ, ಒತ್ತಿ ಹಿಡಿದರೆ ಶಿಫ್ಟ್ ಕಂಟ್ರೋಲ್ ಇತ್ಯಾದಿ. ಇಂಗ್ಲಿಷಿಗೆ ಚೆನ್ನಾಗಿದೆ. ಆದರೆ ನುಡಿಯ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀ ಜೋಡಣೆಯಲ್ಲಿ ಎಫ್ ಅಂದರೆ ಒತ್ತಕ್ಷರದ ಕೀ ಅಲ್ವಾ? "ಹಕ್ಕು" ಬರೆಯಲು ಎಚ್, ಕೆ, ಎಫ್, ಕೆ, ಯು. "ಕೋರ್ಟ್" ಅನ್ನೋ ಒಂದು ಪದಕ್ಕೇ ಎರಡು ಸಲ ಎಫ್. ಆ ಕೀಗೆ ಶಿಫ್ಟ್ ಕೂಡ ಅಂಟಿಸಿದರೆ, ಬೆರಳು ಸ್ವಲ್ಪ ಜಾಸ್ತಿ ಹೊತ್ತು ನಿಂತಾಗ "ಹಕ್ಕು" ಹೋಗಿ "ಹಕಖು" ಬರುತ್ತದೆ. ಕೋರ್ಟಿನ ಕಾಗದದಲ್ಲಿ ಇಂಥದ್ದು ಬರಬಾರದು. ಕ್ಯೂಎಂಕೆಯಲ್ಲಿ ಒತ್ತಿದ್ದೋ ಹಿಡಿದದ್ದೋ ಎಂದು ತೀರ್ಮಾನಿಸುವ ಗಡುವು ಮೊದಲಿಗೆ 200 ಮಿಲಿಸೆಕೆಂಡ್ ಇರುತ್ತದೆ, ಅದನ್ನು ಹೆಚ್ಚಿಸಬಹುದು. ಆದರೂ ನನ್ನ ಮಾತು ಕೇಳಿ, ಎಫ್ ಕೀಯನ್ನು ಮುಟ್ಟಲೇಬೇಡಿ. ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಕೀ ಜೋಡಣೆ ಬಳಸುವವರಿಗೆ ಇದೇ ಮಾತು ಡಿ ಕೀಗೆ, ಅವರ ಹಲಂತ, ಅಂದರೆ ಒತ್ತಕ್ಷರದ ಕೀ, ಅಲ್ಲಿದೆ.

ನಿಮ್ಮ ಕಿರುಬೆರಳು ನೋಯುವುದಕ್ಕೆ ಶಿಫ್ಟೇ ಕಾರಣ ಇರಬಹುದು ಅನಿಸುತ್ತದೆ. ಕನ್ನಡದಲ್ಲಿ ಮಹಾಪ್ರಾಣಕ್ಕೂ ಶಿಫ್ಟ್, ಆ ಈ ಊಗೂ ಶಿಫ್ಟ್, ಣ ಳಗೂ ಶಿಫ್ಟ್. ಅದನ್ನು ಹೆಬ್ಬೆರಳಿನ ಕೀಗೆ ತನ್ನಿ, ಅದೂ ಒನ್ ಶಾಟ್ ಶಿಫ್ಟ್ ಮಾಡಿ. ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಶಿಫ್ಟ್, ಹಿಡಿದುಕೊಂಡೇ ಇರಬೇಕಿಲ್ಲ. ನನ್ನ ಕೈಗೆ ಆರಾಮ ಸಿಕ್ಕಿದ್ದು ಇದೊಂದರಿಂದಲೇ.

ಗಂಗಾವತಿಯಿಂದ: ಮೇಲಿನವರು ಹೇಳಿದ್ದು ಸರಿ. ಝಡ್‌ಎಂಕೆ ಬಗ್ಗೆ ನಾನು ಹೇಳುತ್ತೇನೆ. ವೈರ್ ಇಲ್ಲದ ಬೋರ್ಡ್ ಇದ್ದರೆ ಮಾತ್ರ ಅದರ ಕಡೆ ಹೋಗಿ, ಬ್ಲೂಟೂತ್ ಇರುವ ಎನ್‌ಆರ್‌ಎಫ್52840 ಥರದ ಚಿಪ್ ಬೇಕು. ಫರ್ಮ್‌ವೇರ್ ಗಿಟ್‌ಹಬ್ ಅನ್ನೋ ಕೋಡ್ ಇಡುವ ವೆಬ್‌ಸೈಟಿನಲ್ಲೇ ತಯಾರಾಗುತ್ತದೆ, ಅದಕ್ಕಾಗಿ ನಮ್ಮ ಕಂಪ್ಯೂಟರಿಗೆ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಬೇಕಿಲ್ಲ. ಬ್ಯಾಟರಿ ತುಂಬ ದಿನ ಬರುತ್ತದೆ. ಆದರೆ ನಮ್ಮ ಕಡೆ ಬೇಸಿಗೆ ಗೊತ್ತಲ್ಲ, ತಗಡಿನ ಶೀಟಿನ ಅಂಗಡಿಯಲ್ಲಿ ಮಧ್ಯಾಹ್ನ ಚಾರ್ಜಿಗೆ ಇಡಬೇಡಿ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೇಲಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಒಂದೇ ಟೇಬಲ್ ಮುಂದೆ ಕೂರುವವರಿಗೆ ವೈರೇ ಸಾಕು.

ಬಳ್ಳಾರಿಯಿಂದ: ನನ್ನದು ವೈರಿನದ್ದೇ. ಹಾಗಾದರೆ ವಯಲ್ ಹಾಕಿಬಿಡಲಾ?

ರಾಯಚೂರಿನಿಂದ: ತಡೀರಿ ಅಕ್ಕಾ, ಮೊದಲು ಕಂಟ್ರೋಲರ್, ಅಂದರೆ ಫರ್ಮ್‌ವೇರ್ ಕೂರುವ ಪುಟ್ಟ ಬೋರ್ಡ್, ಯಾವುದು ನೋಡಿ. ಹಳೆಯ ಪ್ರೊ ಮೈಕ್ರೊ ಆದರೆ ಅದರ ಎಟಿಮೆಗಾ 32ಯು4 ಚಿಪ್ಪಿನಲ್ಲಿ ಜಾಗ 32 ಕೆಬಿ ಮಾತ್ರ, ಫರ್ಮ್‌ವೇರ್ ತುಂಬಿಸಿಕೊಳ್ಳುವ ಬೂಟ್‌ಲೋಡರ್ ಪ್ರೋಗ್ರಾಂನ ಜಾಗ ಕಳೆದರೆ ಸುಮಾರು 28. ಬಣ್ಣದ ಲೈಟು, ಪುಟ್ಟ ಪರದೆ, ವಯಲ್ ಮೂರೂ ಅದರಲ್ಲಿ ಹಿಡಿಸುವುದು ಕಷ್ಟ. ಲೈಟ್ ತೆಗೆದುಬಿಡಿ, ಟೈಪಿಂಗಿಗೆ ಅದು ಬೇಕಿಲ್ಲ. ಆರ್‌ಪಿ2040 ಚಿಪ್ ಆದರೆ ಜಾಗದ ಯೋಚನೆ ಇಲ್ಲ, ಫರ್ಮ್‌ವೇರ್ ತುಂಬುವ ಬೂಟ್ ಮೋಡಿಗೆ ಹಾಕಿದರೆ ಪೆನ್‌ಡ್ರೈವ್ ಥರ ಕಾಣುತ್ತದೆ, ಫೈಲ್ ಎಳೆದು ಹಾಕಿದರೆ ಮುಗಿಯಿತು. ಎರಡು ತುಂಡಿಗೂ ಬೇರೆ ಬೇರೆಯಾಗಿ ಹಾಕಬೇಕು.

ಇನ್ನೊಂದು, ಎರಡು ತುಂಡು ಜೋಡಿಸುವ ಕೇಬಲ್ಲನ್ನು ಯುಎಸ್‌ಬಿ ಸಿಕ್ಕಿಸಿರುವಾಗ ಯಾವತ್ತೂ ಕೀಳಬೇಡಿ, ಶಾರ್ಟ್ ಆಗಿ ಕಂಟ್ರೋಲರ್ ಸುಟ್ಟುಹೋಗಬಹುದು. ಯುಎಸ್‌ಬಿ ಮೊದಲು ತೆಗೆಯಿರಿ. ಅಂಗಡಿಯಲ್ಲಿ ಬೇರೆಯವರು ಕೂರುವುದಿದ್ದರೆ ಅವರಿಗೂ ಹೇಳಿ.

ಮಾರಿದವರ ಹತ್ತಿರ ಫರ್ಮ್‌ವೇರಿನ ಸೋರ್ಸ್ ಕೋಡ್ ಕೂಡ ಕೇಳಿ. ಕ್ಯೂಎಂಕೆ ಜಿಪಿಎಲ್ ಅನ್ನೋ ಮುಕ್ತ ಲೈಸೆನ್ಸಿನದ್ದು, ಅದನ್ನು ತಿದ್ದಿ ಬೋರ್ಡಿಗೆ ಹಾಕಿ ಮಾರಿದವರು ಕೇಳಿದಾಗ ಕೋಡ್ ಕೊಡಬೇಕು. ಅದು ಕೈಯಲ್ಲಿದ್ದರೆ ನಾಳೆ ಅವರು ಅಂಗಡಿ ಮುಚ್ಚಿದರೂ ನಿಮ್ಮ ಬೋರ್ಡನ್ನು ನೀವೇ ಸರಿಮಾಡಿಕೊಳ್ಳಬಹುದು. ಚಿಪ್ ಮೇಲೆ ಏನು ಬರೆದಿದೆ ಅಂತ ಫೋಟೊ ಹಾಕಿ, ಅದಕ್ಕೆ ಹೊಂದುವ ನನ್ನ ಕೆಜಿಪಿ ಜೋಡಣೆಯ ಫೈಲ್ ಇಲ್ಲೇ ಕೊಡುತ್ತೇನೆ.