ಐಟಿ ಬಿಟ್ಟು ಹೈಸ್ಕೂಲ್ ಗಣಿತ ಟೀಚರ್ ಆಗಬೇಕು: ಬಿ.ಎಡ್., ಟಿಇಟಿ, ದುಡ್ಡಿನ ಲೆಕ್ಕ ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ವಯಸ್ಸು 34. ಬಿ.ಇ. ಕಂಪ್ಯೂಟರ್ ಸೈನ್ಸ್, 62%. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಈಗಿನ ಕಂಪನಿಯಲ್ಲಿ 4 ವರ್ಷ 8 ತಿಂಗಳು. ಮಕ್ಕಳಿಗೆ ಗಣಿತ ಕಲಿಸುವ ಆಸೆ ಬಿಟ್ಟುಹೋಗ್ತಾ ಇಲ್ಲ. ಕೆಲಸದಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಬಿ.ಎಡ್. ಮಾಡಬಹುದಾ? ರಾಜೀನಾಮೆ ಯಾವಾಗ ಕೊಡಲಿ? ಗೃಹಸಾಲದ ಕಂತು ಇದೆ.

ಉತ್ತರ (ಬಿ.ಎಡ್. ಕಾಲೇಜು ಉಪನ್ಯಾಸಕಿ):
ದೂರಶಿಕ್ಷಣದ ಆಸೆ ಬಿಡಿ ಸರ್. ಇಗ್ನೋದಂಥ (ಇಂದಿರಾ ಗಾಂಧಿ ಮುಕ್ತ ವಿ.ವಿ.) ಕಡೆ ಆ ಬಿ.ಎಡ್. ಇರುವುದು ಈಗಾಗಲೇ ಶಿಕ್ಷಕ ತರಬೇತಿ ಆದವರಿಗೆ. ನಿಮಗೆ ಉಳಿಯುವುದು ಎರಡು ವರ್ಷದ ರೆಗ್ಯುಲರ್ ಕೋರ್ಸ್. ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ನಿಯಮದಂತೆ ತರಗತಿಗೆ 80%, ಶಾಲಾ ಇಂಟರ್ನ್‌ಶಿಪ್‌ಗೆ 90% ಹಾಜರಾತಿ ಬೇಕು. ಇಂಟರ್ನ್‌ಶಿಪ್ ಒಟ್ಟು 20 ವಾರ, ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. "ಫೀಸ್ ಕಟ್ಟಿ, ಹಾಜರಾತಿ ನಾವು ನೋಡ್ಕೋತೀವಿ" ಅನ್ನುವ ಏಜೆಂಟರ ಮಾತಿಗೆ ದಯವಿಟ್ಟು ಮರುಳಾಗಬೇಡಿ. ಒಂದೇ ಅವಧಿಗೆ ನಿಮ್ಮ ಹೆಸರಲ್ಲಿ ಬಿ.ಎಡ್. ಹಾಜರಾತಿಯೂ ಪಿಎಫ್ ಜಮೆಯೂ ಇದ್ದರೆ ದಾಖಲೆ ಪರಿಶೀಲನೆಯ ದಿನ ಉತ್ತರ ಹೇಳಬೇಕಾದವರು ನೀವು, ಏಜೆಂಟ್ ಅಲ್ಲ.

ಬಿ.ಇ. ಆದವರಿಗೆ ಪ್ರವೇಶಕ್ಕೆ 55% ಬೇಕು, ನಿಮ್ಮದು ಸಾಕು. ಆದರೆ ಸರ್ಕಾರಿ ಹುದ್ದೆ ಗುರಿಯಾಗಿದ್ದರೆ, ನಿಮ್ಮ ಪದವಿ ಗಣಿತದ ಹುದ್ದೆಗೆ ಹೊಂದುತ್ತದೆಯೇ ಅಂತ ವೃಂದ ಮತ್ತು ನೇಮಕಾತಿ ನಿಯಮ (ಯಾವ ಹುದ್ದೆಗೆ ಯಾವ ಅರ್ಹತೆ ಅಂತ ಹೇಳುವ ಸರ್ಕಾರಿ ನಿಯಮ) ಓದಿ ಖಚಿತಪಡಿಸಿಕೊಂಡೇ ಸೀಟು ಹಿಡಿಯಿರಿ.

6ರಿಂದ 8ನೇ ತರಗತಿಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ: 150 ಅಂಕ, 150 ನಿಮಿಷ, ಸಾಮಾನ್ಯ ವರ್ಗಕ್ಕೆ 90 ಅಂಕ ಬೇಕು. ಗಣಿತದವರು ಎಡವುವುದು ವಿಜ್ಞಾನದಲ್ಲಿ, ಯಾಕೆಂದರೆ 60 ಅಂಕದ ಆ ಭಾಗ ಗಣಿತ–ವಿಜ್ಞಾನ ಎರಡೂ ಸೇರಿದ್ದು. ಪಿಯುಸಿ ಆದಮೇಲೆ ಜೀವಶಾಸ್ತ್ರ ಮುಟ್ಟದವರು ಶಾಲಾ ಪಠ್ಯಪುಸ್ತಕಗಳನ್ನೇ ಮೊದಲಿಂದ ಓದಿ. ಪಾಸಾದರೆ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. 1ರಿಂದ 5ನೇ ತರಗತಿಗೆ ಬಿ.ಎಡ್. ಅರ್ಹತೆಯಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆ.

ಇದಕ್ಕೆಲ್ಲ ಮುಂಚೆ ಒಂದು ಕೆಲಸ ಮಾಡಿ. ಶನಿವಾರ ನಿಮಗೆ ರಜೆ, ಸರ್ಕಾರಿ ಶಾಲೆಗೆ ಬೆಳಗಿನ ತರಗತಿ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಎರಡು ತಿಂಗಳು ಒಂದೇ ತರಗತಿಗೆ ಪಾಠ ಮಾಡಿ, ನೋಟ್‌ಬುಕ್ಕೂ ನೀವೇ ತಿದ್ದಿ. ವಾರಕ್ಕೊಂದು ಶಾಲೆ ಸುತ್ತಿದರೆ ಚಪ್ಪಾಳೆ ಸಿಗುತ್ತದೆ ಅಷ್ಟೆ. ಕಳೆದ ವಾರ ಹೇಳಿದ್ದು ಈ ವಾರ ಎಷ್ಟು ಮಕ್ಕಳಲ್ಲಿ ಉಳಿದಿದೆ ಅಂತ ಕಂಡಾಗಲೂ ಮತ್ತೆ ಹೋಗಬೇಕು ಅನ್ನಿಸಿದರೆ ಮುಂದುವರಿಯಿರಿ.

ಉತ್ತರ (ಹಣಕಾಸು ಸಲಹೆಗಾರ):
ಐದು ವರ್ಷ ತುಂಬುವವರೆಗೆ ರಾಜೀನಾಮೆ ಬೇಡ. ಆಗ ಕಂಪನಿಯಿಂದ ಗ್ರಾಚ್ಯುಟಿ (ಸೇವೆಗೆ ಕೊಡುವ ಇಡಿಗಂಟು, ವರ್ಷಕ್ಕೆ 15 ದಿನದ ವೇತನ) ಸಿಗುತ್ತದೆ. ಮೂಲ ವೇತನ 52,000 ಅಂದುಕೊಂಡರೆ ಅದು 52,000 × 15/26 × 5 = 1,50,000 ರೂಪಾಯಿ. ಪಿಎಫ್ ಕೂಡ ಐದು ವರ್ಷದ ಸೇವೆಗೆ ಮುಂಚೆ ತೆಗೆದರೆ ತೆರಿಗೆ ಬೀಳುತ್ತದೆ. ಹಿಂದಿನ ಕಂಪನಿಯ ಖಾತೆ ವರ್ಗಾಯಿಸಿಕೊಂಡಿದ್ದರೆ ಆ ಸೇವೆಯೂ ಲೆಕ್ಕಕ್ಕೆ ಬರುತ್ತದೆ.

ಮನೆ ಖರ್ಚು 24 ತಿಂಗಳಿಗಲ್ಲ, 30 ತಿಂಗಳಿಗೆ ಎತ್ತಿಡಿ. ಕೋರ್ಸ್ ಮುಗಿಯುವುದಕ್ಕೂ ಜೂನ್‌ನಲ್ಲಿ ಶಾಲೆ ಶುರುವಾಗುವುದಕ್ಕೂ ಹೊಂದಿಕೆ ಆಗದೆ ಹೋಗಬಹುದು. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಗಡ ಪಾವತಿ ದಂಡ ಇಲ್ಲ. ಆದರೆ ಸುಮ್ಮನೆ ಕಟ್ಟಿದರೆ ಬ್ಯಾಂಕ್ ಸಾಮಾನ್ಯವಾಗಿ ಅವಧಿ ತಗ್ಗಿಸುತ್ತದೆ, ಕಂತು ಹಾಗೇ ಉಳಿಯುತ್ತದೆ. ನಿಮಗೆ ಬೇಕಿರುವುದು ಕಂತು ಇಳಿಯುವುದು. ಅದನ್ನು ಬರವಣಿಗೆಯಲ್ಲಿ ಕೇಳಿ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಸ್ವಂತ ಪಾಲಿಸಿಗೆ ಮೊದಲ 30 ದಿನ, ಹಳೆಯ ಕಾಯಿಲೆಗಳಿಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಹಾಗಾಗಿ ಇವತ್ತೇ ಮಾಡಿಸಿ.

ಪ್ರಶ್ನೆ:
ಇಬ್ಬರಿಗೂ ಧನ್ಯವಾದ. ಖಾಸಗಿ ಶಾಲೆಯ ಡೆಮೊ ಕ್ಲಾಸ್‌ನಲ್ಲಿ ಏನು ನೋಡ್ತಾರೆ ಮೇಡಂ?

ಉತ್ತರ (ಉಪನ್ಯಾಸಕಿ):
ಹದಿನೈದು–ಇಪ್ಪತ್ತು ನಿಮಿಷಕ್ಕೆ ಒಂದೇ ಪರಿಕಲ್ಪನೆ ಇಟ್ಟುಕೊಳ್ಳಿ. ಪಿಪಿಟಿ ಬೇಡ, ಬೋರ್ಡ್ ಸಾಕು. ಉದಾಹರಣೆಗೆ (a+b)². ಸೂತ್ರ ಬರೆದು ಶುರು ಮಾಡಬೇಡಿ. ಮಕ್ಕಳ ಊಹೆ ಕೇಳಿ. a² + b² ಅಂತ ಯಾರಾದರೂ ಹೇಳೇ ಹೇಳುತ್ತಾರೆ. ತಪ್ಪು ಅನ್ನದೆ a=3, b=2 ಹಾಕಿಸಿ: ಒಂದು ಕಡೆ 25, ಇನ್ನೊಂದು ಕಡೆ 13. ಆಮೇಲೆ ಬದಿ 5 ಇರುವ ಚೌಕ ಬರೆದು 3 ಮತ್ತು 2ಕ್ಕೆ ಗೆರೆ ಎಳೆಯಿರಿ. ಮೂಲೆಗಳಲ್ಲಿ 9 ಮತ್ತು 4ರ ಎರಡು ಚೌಕ. ಕಮ್ಮಿಬಿದ್ದ 12, ಉಳಿದ ಎರಡು 3×2 ಆಯತಗಳಲ್ಲಿ ಮಕ್ಕಳ ಕಣ್ಣಿಗೇ ಕಾಣುತ್ತದೆ. 2ab ಅನ್ನು ಅವರ ಬಾಯಲ್ಲೇ ಹೇಳಿಸಿ. ಐಟಿಯಿಂದ ಬಂದವರು ಇಲ್ಲಿ ಪ್ರೆಸೆಂಟೇಶನ್ ಕೊಟ್ಟ ಹಾಗೆ ಒಂದೇ ಸಮನೆ ಮಾತಾಡಿಬಿಡುತ್ತಾರೆ. ಆಯ್ಕೆ ಸಮಿತಿ ನೋಡುವುದು ಮಗು ತಪ್ಪು ಹೇಳಿದ ಕ್ಷಣದಲ್ಲಿ ನೀವೇನು ಮಾಡಿದಿರಿ ಅನ್ನುವುದನ್ನು. ಡೆಮೊಗಳು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ ನಡೆಯುತ್ತವೆ, ಎರಡನೇ ವರ್ಷದ ಇಂಟರ್ನ್‌ಶಿಪ್ ಶಾಲೆಯಲ್ಲೇ ಮೊದಲು ವಿಚಾರಿಸಿ.