ಬಣ್ಣ ಹೊಡೆಯುವಾಗ ಕಾರಿನ ಬಿಡಿಭಾಗವನ್ನು ಹಿಡಿದಿಡುವ ಸಾಧನ: ನಿಮ್ಮ ಕಡೆ ಏನೆನ್ನುತ್ತಾರೆ?

ಪದಾಸಕ್ತರೆಲ್ಲರಿಗೂ ನಮಸ್ಕಾರ.

ಕಾರಿನ ಬಂಪರ್, ಬಾಗಿಲು, ಸೈಡ್ ಮಿರರಿನ ಕವಚ, ಚಕ್ರದ ರಿಮ್ಮು, ಬೋಲ್ಟು ಮುಂತಾದವನ್ನು ಬಿಚ್ಚಿ ಬಣ್ಣ ಹೊಡೆಯುವಾಗ ಅವು ಅಲುಗಾಡಬಾರದು, ನೆಲಕ್ಕೆ ತಾಗಬಾರದು. ಅದಕ್ಕಾಗಿ ಗ್ಯಾರೇಜಿನವರು ತಾವೇ ಮಾಡಿಕೊಳ್ಳುವ ಸಾಧನಗಳಿಗೆ ಕನ್ನಡದ ಹೆಸರು ಹುಡುಕುತ್ತಿದ್ದೇನೆ. ಕೆಲಸ ಕಲಿಯುವ ಹುಡುಗರಿಗಾಗಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ಪ್ರೈಮರ್, ತಿನ್ನರ್, ಸ್ಪ್ರೇ ಗನ್, ಕ್ಲಿಯರ್ ಕೋಟ್ ಎಂಬ ಹೆಸರುಗಳನ್ನು ಅದರಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ. ಅಂಗಡಿಯಲ್ಲಿ ಅವು ಸಿಗುವುದೇ ಆ ಹೆಸರಿನಿಂದ. ಹಿಡಿದಿಡುವ ಸಾಧನ ಮಾತ್ರ ಅಂಗಡಿಯಿಂದ ಬಂದದ್ದಲ್ಲ. ಹಳೆಯ ಹ್ಯಾಂಗರ್, ಬೈಂಡಿಂಗ್ ವೈರ್, ರಟ್ಟಿನ ಪೆಟ್ಟಿಗೆ, ಖಾಲಿ ಡಬ್ಬ, ಬಿದಿರಿನ ಗಳ, ಹೀಗೆ ಕೈಗೆ ಸಿಕ್ಕಿದ್ದರಿಂದ ಇಲ್ಲೇ ಹುಟ್ಟಿದ್ದು. ಇಲ್ಲಿ ಹುಟ್ಟಿದ ವಸ್ತುವಿಗೆ ಇಲ್ಲಿಯ ಹೆಸರೇ ಇರಲಿ ಎಂಬುದು ನನ್ನ ಆಸೆ.

ಸದ್ಯಕ್ಕೆ ಎಲ್ಲವೂ ‘ಸ್ಟ್ಯಾಂಡ್’. ನೇತುಹಾಕುವುದೂ ಸ್ಟ್ಯಾಂಡ್, ಮಲಗಿಸುವುದೂ ಸ್ಟ್ಯಾಂಡ್. ಕೆಲವರು ‘ಜಿಗ್’ ಎನ್ನುತ್ತಾರೆ. ಯಂತ್ರಶಾಲೆಯ ಪರಿಭಾಷೆಯಲ್ಲಿ ಜಿಗ್ ಎಂದರೆ ಉಪಕರಣಕ್ಕೆ ದಾರಿ ತೋರಿಸುವಂಥದ್ದು; ವಸ್ತುವನ್ನು ಹಿಡಿದಿಡುವುದು ಫಿಕ್ಸ್ಚರ್. ಪಠ್ಯಪುಸ್ತಕದ ಧಾಟಿಯಲ್ಲಿ ‘ಧಾರಕ’, ‘ಆಧಾರಕ’ ಎಂದು ಬರೆದು ಮುಗಿಸಬಹುದು. ಆ ಪದ ಓದಿದ ಹುಡುಗನ ಕಣ್ಣ ಮುಂದೆ ಯಾವ ವಸ್ತುವೂ ಬಂದು ನಿಲ್ಲುವುದಿಲ್ಲ. ‘ಹಿಡಿಕೆ’ ಎನ್ನೋಣವೆಂದರೆ ಅದು ಆಗಲೇ ಕೊಡಲಿಗೂ ಬಾಗಿಲಿಗೂ ಸಂದಿದೆ. ಬಾಗಿಲಿನ ಹಿಡಿಕೆಗೇ ಬಣ್ಣ ಹೊಡೆಯುವ ಸಂದರ್ಭ ಬಂದರೆ ‘ಹಿಡಿಕೆಯ ಹಿಡಿಕೆ’ ಎನ್ನಬೇಕಾಗುತ್ತದೆ.

ಗ್ಯಾರೇಜಿನ ಮಾತಿಗೆ ಕಿವಿಗೊಟ್ಟರೆ ಒಂದು ಸಂಗತಿ ಗೊತ್ತಾಗುತ್ತದೆ. ನಾಮಪದಗಳೆಲ್ಲ ಇಂಗ್ಲಿಷಿನವು, ಕ್ರಿಯಾಪದಗಳೆಲ್ಲ ಅಚ್ಚ ಕನ್ನಡದವು. ಡೋರನ್ನು ತೂಗುಹಾಕುತ್ತಾರೆ, ಕ್ಯಾಪನ್ನು ಕೂರಿಸುತ್ತಾರೆ, ಬೋಲ್ಟನ್ನು ಚುಚ್ಚಿ ನಿಲ್ಲಿಸುತ್ತಾರೆ, ಬಾನೆಟ್ಟನ್ನು ಮಲಗಿಸುತ್ತಾರೆ. ‘ಗೋಡೆಗೆ ಒರಗಿಸಬೇಡ, ಗುರುತು ಬೀಳುತ್ತದೆ’ ಎಂದು ಹುಡುಗರನ್ನು ಗದರುತ್ತಾರೆ. ಒಂದೊಂದು ಕ್ರಿಯಾಪದವೂ ಒಂದೊಂದು ಬಗೆಯ ಹಿಡಿತವನ್ನು ಹೇಳುತ್ತದೆ. ಹೆಸರುಗಳನ್ನು ಕಟ್ಟುವುದಾದರೆ ಈ ಕ್ರಿಯೆಗಳ ಮೇಲೆಯೇ ಕಟ್ಟಬೇಕು, ಎಲ್ಲವನ್ನೂ ಒಂದೇ ಸಂಸ್ಕೃತ ಪದದಡಿ ತುರುಕಬಾರದು ಎಂಬುದು ನನ್ನ ವಾದ.

ತೂಗುಹಾಕುವುದನ್ನೇ ನೋಡಿ. ಬಾಗಿಲಿನ ಕಿಟಕಿಯ ಚೌಕಟ್ಟಿನಲ್ಲಿ, ಮುಂದೆ ರಬ್ಬರ್ ಬೀಡಿಂಗ್ ಮುಚ್ಚಿಕೊಳ್ಳುವ ಜಾಗಕ್ಕೆ ಎರಡು ಕೊಕ್ಕೆ ಸಿಕ್ಕಿಸಿ ಅಡ್ಡಗಳಕ್ಕೆ ನೇತುಹಾಕುತ್ತಾರೆ. ಕೊಕ್ಕೆಯ ಗುರುತು ಬಿದ್ದರೂ ಬೀಡಿಂಗಿನ ಕೆಳಗೆ ಅಡಗುತ್ತದೆ. ಗನ್ನಿನ ಗಾಳಿಗೆ ಬಾಗಿಲು ತೂಗಾಡದಂತೆ ಕೆಳಗಿನಿಂದಲೂ ಒಂದು ತಂತಿ ಎಳೆದು ಕಲ್ಲಿಗೋ ತೂಕದ ಡಬ್ಬಕ್ಕೋ ಬಿಗಿಯುತ್ತಾರೆ. ಇಷ್ಟೆಲ್ಲ ಏಕೆಂದರೆ ಬಾಗಿಲು ಗಾಡಿಯಲ್ಲಿ ಹೇಗಿರುತ್ತದೆಯೋ ಹಾಗೆಯೇ ನೆಟ್ಟಗಿರಬೇಕು. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಸಣ್ಣ ಸಣ್ಣ ಚಕ್ಕೆಗಳಿರುತ್ತವೆ. ಬಣ್ಣವನ್ನು ತೆಳುಮಾಡಲು ಬೆರೆಸಿದ ತಿನ್ನರ್ ಆರುವಷ್ಟರಲ್ಲಿ ಆ ಚಕ್ಕೆಗಳು ಹೇಗೆ ಒರಗಿಕೊಳ್ಳುತ್ತವೆ ಎಂಬುದರ ಮೇಲೆ ಬಣ್ಣದ ಛಾಯೆ ನಿಲ್ಲುತ್ತದೆ. ಮಲಗಿಸಿ ಬಣ್ಣ ಹೊಡೆದ ಬಾಗಿಲನ್ನು ಗಾಡಿಗೆ ಜೋಡಿಸಿ ಬಿಸಿಲಿಗೆ ತಂದರೆ, ಅದೇ ಡಬ್ಬದ ಬಣ್ಣವಾದರೂ ಪಕ್ಕದ ಮಡ್‌ಗಾರ್ಡಿಗೆ ಹೊಂದದೆ ಹೋಗಬಹುದು. ಹಿಡಿದಿಡುವ ಸಾಧನಕ್ಕೆ ಬಿಡಿಭಾಗದ ಭಂಗಿಯನ್ನು ಕಾಯುವ ಹೊಣೆಯೂ ಇದೆ ಎಂದಾಯಿತು. ‘ಧಾರಕ’ದಲ್ಲಿ ಈ ಅರ್ಥ ಎಲ್ಲಿದೆ?

ಮೇಲಿನಿಂದ ಇಳಿಬಿಟ್ಟು ಹಿಡಿದಿಡುವುದಕ್ಕೆ ನಮ್ಮಲ್ಲಿ ‘ನೆಲುವು’ ಇದೆ. ಹಾಲು ಮೊಸರಿನ ಗಡಿಗೆಗಳನ್ನು ಜಂತಿಗೆ ತೂಗುಹಾಕುತ್ತಿದ್ದ ಹಗ್ಗದ ಸಾಧನ. ನೆಟ್ಟಗೆ ನಿಲ್ಲಿಸುವುದಕ್ಕೆ ‘ನಿಲುವುಗನ್ನಡಿ’ಯಲ್ಲಿ ಬರುವ ‘ನಿಲುವು’ ಇದೆ. ಅರ್ಥದ ದೃಷ್ಟಿಯಿಂದ ಎರಡೂ ಸೊಗಸಾಗಿವೆ. ಕೈಪಿಡಿಯಲ್ಲಿ ಅಕ್ಕಪಕ್ಕ ಬಂದರೆ ಒಂದು ಸ್ವರದ ವ್ಯತ್ಯಾಸದಿಂದ ಗೊಂದಲವಾಗುವುದು ಖಂಡಿತ. ಹಾಗಾಗಿ ‘ನೆಲುವು’ ಉಳಿಸಿಕೊಂಡು, ನಿಲ್ಲಿಸುವ ಸಾಧನಕ್ಕೆ ಬೇರೆ ಪದ ಹುಡುಕುವುದು ವಾಸಿ. ಪೌಡರ್ ಕೋಟಿಂಗಿಗೆ ಮಾತ್ರ ‘ಕೊಕ್ಕೆ’ ಎಂದೇ ಬರೆಯಬೇಕು. ಅಲ್ಲಿ ದ್ರವದ ಬದಲು ಬಣ್ಣದ ಪುಡಿಗೆ ವಿದ್ಯುದಂಶ ಕೊಟ್ಟು ಊದುತ್ತಾರೆ. ಬಿಡಿಭಾಗಕ್ಕೆ ಕೊಕ್ಕೆಯ ಮೂಲಕವೇ ಅರ್ಥಿಂಗ್ ಆಗಬೇಕು. ಹಗ್ಗ ಕಟ್ಟಿದರೆ ಕೆಲಸ ಕೆಡುತ್ತದೆ, ಕೊಕ್ಕೆಯ ಮೇಲೆ ಹಳೆಯ ಪದರ ಗಟ್ಟಿಯಾಗಿ ಕೂತಿದ್ದರೂ ಕೆಡುತ್ತದೆ, ಕೆರೆದು ತೆಗೆಯಬೇಕು.

ಬಂಪರಿನ ವಿಚಾರ ಬೇರೆ. ಅದು ಉದ್ದನೆಯ, ಬಳುಕುವ ಪ್ಲಾಸ್ಟಿಕ್. ನಡುವೆ ಮಾತ್ರ ಹಿಡಿದರೆ ಎರಡೂ ತುದಿ ಜೋಲುತ್ತವೆ; ಬಣ್ಣ ಹೊಡೆದು ಒಣಗಿಸುವ ಕೋಣೆಯಾದ ಬೂತಿನ ಬಿಸಿಗೆ ಇನ್ನಷ್ಟು ಮೆತ್ತಗಾಗುತ್ತವೆ. ಚೌಕ ಪೈಪಿನ ಕಂಬಕ್ಕೆ ಎರಡು ತೋಳು ಬೆಸುಗೆ ಹಾಕಿ, ತೋಳಿನ ತುದಿಗೆ ಏಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ತೊಡಿಸಿ, ಬಂಪರಿನ ಒಳಮೈಯನ್ನು ಅದರ ಸಹಜ ಬಾಗಿಗೆ ತಕ್ಕಂತೆ ಹೊತ್ತು ನಿಲ್ಲುವ ಹಾಗೆ ಮಾಡುತ್ತಾರೆ. ಹೊರಮೈಗೆ ಏನೂ ತಾಗುವುದಿಲ್ಲ, ಬಣ್ಣ ಹೊಡೆಯುವವನು ಸುತ್ತ ಓಡಾಡಬಹುದು, ಕೆಳಅಂಚಿಗೂ ಗನ್ ತಿರುಗಿಸಬಹುದು. ಗೊನೆ ಬಿಟ್ಟ ಬಾಳೆಗೆ ಕೊಡುವ ಕವೆಗೋಲು ಇದೇ ಕೆಲಸ ಮಾಡುತ್ತದೆ. ಇದನ್ನು ‘ಕವೆ’ ಎಂದು ಕರೆಯಲು ನನಗೆ ಯಾವ ಅನುಮಾನವೂ ಇಲ್ಲ. ನೀವು ಒಪ್ಪದಿದ್ದರೆ ಕಾರಣ ತಿಳಿಸಿ.

ಕೂರಿಸುವುದಕ್ಕೆ ‘ಸಿಂಬಿ’ ಸಲ್ಲುತ್ತದೆ ಎಂದುಕೊಂಡಿದ್ದೇನೆ. ರಿಮ್ಮನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸುತ್ತಾರೆ. ಟೈರ್ ಬಿಚ್ಚದೆ ಹೊಡೆಯುವುದಾದರೆ ಟೈರಿಗೂ ರಿಮ್ಮಿಗೂ ನಡುವಿನ ಸಂದಿಯಲ್ಲಿ ಹಳೆಯ ಇಸ್ಪೀಟ್ ಎಲೆಗಳನ್ನು ಸುತ್ತಲೂ ಸಿಕ್ಕಿಸುವುದುಂಟು. ಮಿರರಿನ ಕವಚವನ್ನು ನೀರು ತುಂಬಿದ ಬಾಟಲಿಯ ಮುಚ್ಚಳಕ್ಕೆ ಎರಡು ಬದಿಯ ಅಂಟುಪಟ್ಟಿಯಿಂದ ಕೂರಿಸುತ್ತಾರೆ. ಬಾಟಲಿ ಹಿಡಿದು ತಿರುಗಿಸಿದರೆ ಕವಚಕ್ಕೆ ಕೈ ತಾಗಿಸದೆ ಎಲ್ಲ ಬದಿಯನ್ನೂ ಮುಗಿಸಬಹುದು. ಕೊಡದ ಕೆಳಗಿನ ಸಿಂಬಿಗೆ ಬಳೆಯಾಕಾರವಿರಬೇಕು, ಬಾಟಲಿ ಸಿಂಬಿಯಾಗುವುದು ಹೇಗೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ‘ಕೂರುಮಣೆ’ ಎಂದೂ ಯೋಚಿಸಿದೆ, ನಾಲಿಗೆಗೆ ಒಗ್ಗಲಿಲ್ಲ.

ಬೋಲ್ಟು, ಸ್ಕ್ರೂಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತೂತು ಮಾಡಿ, ತಲೆ ಮಾತ್ರ ಮೇಲೆ ಕಾಣುವಂತೆ ಸಾಲಾಗಿ ನಿಲ್ಲಿಸುತ್ತಾರೆ. ಥರ್ಮೋಕೋಲ್ ಬಳಸಬಾರದು ಎಂದು ಕೈಪಿಡಿಯಲ್ಲಿ ಒತ್ತಿ ಬರೆದಿದ್ದೇನೆ. ತಿನ್ನರ್ ತಾಗಿದರೆ ಅದು ಕರಗಿ ಕುಸಿಯುತ್ತದೆ. ಇದಕ್ಕೆ ಅಳಗುಳಿಮಣೆಯ ನೆನಪಿನಲ್ಲಿ ‘ಗುಳಿಮಣೆ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಗುಳಿ ತಳವಿರುವ ತಗ್ಗು, ಇಲ್ಲಿರುವುದು ಆರಪಾರ ತೂತು. ‘ತೂತುಮಣೆ’ ಹೆಚ್ಚು ಸರಿಯೆಂದು ತೋರುತ್ತದೆ.

ಹಳೆಯ ಕಾರುಗಳನ್ನು ಪೂರ್ತಿ ಬಿಚ್ಚಿ ಕಟ್ಟುವವರು ಇಡೀ ಬಾಡಿಯನ್ನೇ ಎರಡು ಕಂಬಗಳ ನಡುವೆ ಸಿಕ್ಕಿಸಿ ಅಡಿಮೇಲು ತಿರುಗಿಸುತ್ತಾರೆ. ಇಂಗ್ಲಿಷಿನಲ್ಲಿ ಅದು ರೋಟಿಸರಿ, ಮಾಂಸ ಸುಡುವ ಸಲಾಕೆಯ ಹೆಸರು. ನಮಗೆ ‘ತಿರುಗಣಿ’ ಸಾಕು.

ಉಳಿದಿರುವುದು ಇವೆಲ್ಲಕ್ಕೂ ಸೇರಿ ಒಂದು ಹೆಸರು, ಅಧ್ಯಾಯದ ಶೀರ್ಷಿಕೆಗಾದರೂ ಬೇಕು. ‘ಆನು’ ಧಾತುವಿನಿಂದ ಬಂದ ‘ಆನಿಕೆ’ ನನ್ನ ಮನಸ್ಸಿನಲ್ಲಿದೆ. ಹೊರುವುದು, ಆಸರೆಯಾಗುವುದು ಎಂಬ ಎರಡೂ ಅರ್ಥ ಅದರಲ್ಲಿವೆ. ಒರಗುವ ಅರ್ಥವೂ ಸೇರಿಕೊಂಡಿರುವುದರಿಂದ ಸ್ವಲ್ಪ ಹಿಂಜರಿಕೆ, ಏಕೆಂದರೆ ಹಸಿ ಬಣ್ಣದ ವಸ್ತು ಒರಗಲೇಬಾರದು.

ಬಲ್ಲವರು ದಯವಿಟ್ಟು ಇಷ್ಟನ್ನು ತಿಳಿಸಿ. ಬಾನೆಟ್ ಮಲಗಿಸುವ ನಾಲ್ಕು ಕಾಲಿನ ಅಡ್ಡಪಟ್ಟಿಯ ಸಾಧನವನ್ನು ಹಿಂದಿಯವರು ‘ಘೋಡಿ’ ಎನ್ನುತ್ತಾರೆ. ನಿಮ್ಮ ಊರಿನ ಬಡಗಿಗಳಾಗಲಿ ಗಾರೆಯವರಾಗಲಿ ಅಂಥದ್ದನ್ನು ‘ಕುದುರೆ’ ಎನ್ನುವುದುಂಟೆ? ಸಿಂಬಿ, ಕವೆ, ನೆಲುವುಗಳಿಗೆ ನಿಮ್ಮ ಕಡೆಯ ರೂಪಗಳೇನು? ಗ್ಯಾರೇಜಿನಲ್ಲಿ ದುಡಿಯುವ ಬಂಧುಗಳಿದ್ದರೆ ಅವರನ್ನೇ ಕೇಳಿ, ಅವರು ಆಡಿದ ವಾಕ್ಯವನ್ನು ಊರಿನ ಹೆಸರಿನೊಡನೆ ಇದ್ದಂತೆಯೇ ಬರೆದು ಕಳುಹಿಸಿ. ಬಿಡಿ ಪದಕ್ಕಿಂತ ವಾಕ್ಯ ನನಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.