ಆಫೀಸಿಗೆ ಸರ್ವಿಸ್ ಡಾಗ್ ಕರೆದೊಯ್ಯಲು ಸರ್ಟಿಫಿಕೇಟ್ ಬೇಕೇ? (ಅಮೆರಿಕ)

ಬಿಳಿಮೋಡ:
ಟೈಪ್ 1 ಡಯಾಬಿಟಿಸ್ ಇದೆ. ರಕ್ತದ ಸಕ್ಕರೆ ಇಳಿದಾಗ ಎಚ್ಚರಿಸಲು ತರಬೇತಿ ಪಡೆದ ನಾಯಿಯನ್ನು (ಸರ್ವಿಸ್ ಡಾಗ್) ಆಫೀಸಿಗೆ ಕರೆದೊಯ್ಯಬೇಕು. ಎಚ್‌ಆರ್‌ನವರು ದಾಖಲೆ ಕೇಳಿದ್ದಾರೆ. ಯಾರೂ ದಾಖಲೆ ಕೇಳುವಂತಿಲ್ಲ ಅಲ್ಲವೇ? ಆನ್‌ಲೈನ್‌ನಲ್ಲಿ ಸಿಗುವ ನೋಂದಣಿ ಕಾರ್ಡ್ ತೋರಿಸಿದರೆ ಸಾಕೇ? ನಾಯಿ ದಿನವಿಡೀ ಮೇಜಿನ ಕೆಳಗಿರಲು ಏನೇನು ಸಿದ್ಧತೆ ಬೇಕು?

ನೆರಳುಮರ:
ಕಾರ್ಡಿಗೆ ದುಡ್ಡು ಸುರಿಯಬೇಡಿ. ಅಮೆರಿಕದಲ್ಲಿ ಸರ್ವಿಸ್ ಡಾಗ್‌ಗಳ ಕೇಂದ್ರ ಸರ್ಕಾರಿ ನೋಂದಣಿ ಅಂತ ಒಂದು ಇಲ್ಲವೇ ಇಲ್ಲ. ಆ ಕಾರ್ಡಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ನಾಯಿಗೆ ಜಾಕೆಟ್ ಕೂಡ ಕಡ್ಡಾಯವಲ್ಲ.

ಗೊಂದಲ ಹುಟ್ಟುವುದು 1990ರ ಎಡಿಎ (ಅಂಗವಿಕಲರ ವಿರುದ್ಧ ತಾರತಮ್ಯ ತಡೆಯುವ ಅಮೆರಿಕದ ಕಾನೂನು) ಕಾಯ್ದೆಯ ಬೇರೆ ಬೇರೆ ಭಾಗಗಳನ್ನು ಕಲಸಿದಾಗ. ಎರಡು ಮತ್ತು ಮೂರನೇ ಭಾಗ ಸರ್ಕಾರಿ ಕಚೇರಿ, ಅಂಗಡಿ, ಹೋಟೆಲ್, ಆಸ್ಪತ್ರೆಗಳಿಗೆ. ಅಲ್ಲಿ ವಿಷಯ ಕಣ್ಣಿಗೆ ಕಾಣದಿದ್ದರೆ ಸಿಬ್ಬಂದಿ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಬೇಕಾದ ಸರ್ವಿಸ್ ಡಾಗೇ? ಯಾವ ಕೆಲಸಕ್ಕೆ ತರಬೇತಿ ಆಗಿದೆ? ‘ಸಕ್ಕರೆ ಇಳಿದರೆ ಮೂತಿಯಿಂದ ತಿವಿದು ಎಚ್ಚರಿಸುತ್ತದೆ’ ಎಂದರೆ ಮುಗಿಯಿತು. ‘ಜೊತೆಗಿದ್ದರೆ ಸಮಾಧಾನ’ ಎಂದರೆ ಅದು ಎಮೋಷನಲ್ ಸಪೋರ್ಟ್ ಪ್ರಾಣಿ. ಈ ಹಕ್ಕು ಅದಕ್ಕಿಲ್ಲ. ಕಾಯಿಲೆಯ ವಿವರ ಕೇಳುವಂತಿಲ್ಲ, ‘ಮಾಡಿಸಿ ತೋರಿಸಿ’ ಅನ್ನುವಂತಿಲ್ಲ. ಆದರೆ ನಾಯಿ ಹತೋಟಿ ತಪ್ಪಿದಾಗ ನೀವು ಸುಮ್ಮನಿದ್ದರೆ, ಅಥವಾ ಅದು ಒಳಗೆ ಗಲೀಜು ಮಾಡಿದರೆ, ನಾಯಿಯನ್ನು ಹೊರಗೆ ಕಳಿಸಬಹುದು.

ನೌಕರಿ ಬರುವುದು ಒಂದನೇ ಭಾಗಕ್ಕೆ (15 ಅಥವಾ ಹೆಚ್ಚು ನೌಕರರಿರುವ ಕಡೆ). ಇಲ್ಲಿ ಆ ಎರಡು ಪ್ರಶ್ನೆಗಳ ಮಿತಿ ಇಲ್ಲ. ನಾಯಿ ತರುವುದು ರೀಸನಬಲ್ ಅಕಾಮಡೇಶನ್, ಅಂದರೆ ಅಂಗವೈಕಲ್ಯವಿರುವ ನೌಕರರಿಗೆ ಕಂಪನಿ ಮಾಡಿಕೊಡುವ ಹೊಂದಾಣಿಕೆ, ಕೇಳಿ ಪಡೆಯಬೇಕಾದದ್ದು. ಅಗತ್ಯ ಮೇಲ್ನೋಟಕ್ಕೆ ಕಾಣದಿದ್ದಾಗ ಎಚ್‌ಆರ್ ಡಾಕ್ಟರ ಪತ್ರ ಕೇಳಬಹುದು. ಪತ್ರದಲ್ಲಿ ಕಾಯಿಲೆ ಇದೆ, ಕೆಲಸದ ಹೊತ್ತಿನಲ್ಲಿ ನಾಯಿಯಿಂದ ಇಂಥ ಸಹಾಯ ಬೇಕು ಎಂದಿದ್ದರೆ ಸಾಕು. ಪೂರ್ತಿ ವೈದ್ಯಕೀಯ ದಾಖಲೆ ಕೊಡಬೇಕಿಲ್ಲ. ಕೊಟ್ಟದ್ದನ್ನು ಅವರು ಪ್ರತ್ಯೇಕ ಗೋಪ್ಯ ಕಡತದಲ್ಲಿ ಇಡಬೇಕು. ಬಾಯಿಮಾತಿನ ಕೋರಿಕೆಯೂ ನಡೆಯುತ್ತದೆ, ಆದರೂ ಇಮೇಲ್ ಮಾಡಿ.

ಕಟ್ಟಿರುವೆ:
ನಾಯಿಗೆ ನೀವೇ ತರಬೇತಿ ಕೊಟ್ಟಿದ್ದರೂ ಕಾನೂನಿನ ಅಡ್ಡಿಯಿಲ್ಲ. ದಿನಾಂಕ, ಜಾಗ, ಕಲಿಸಿದ ಕೆಲಸ ಬರೆದಿಟ್ಟ ಪುಸ್ತಕವಿದ್ದರೆ ಎಚ್‌ಆರ್ ಮುಂದೆ ಕಾರ್ಡಿಗಿಂತ ತೂಕ ಹೆಚ್ಚು.

ಮೇಜಿನ ಕೆಳಗೆ ಜಾರದ ಚಾಪೆ ಹಾಸಿ. ಅದೇ ಚಾಪೆ ಮೇಲೆ ಮನೆಯಲ್ಲಿ ಎರಡು ಗಂಟೆ ಅಲುಗಾಡದೆ ಮಲಗುವುದು ರೂಢಿಯಾದ ಮೇಲೆ ಆಫೀಸು. ಕುರ್ಚಿಯ ಗಾಲಿ ಬಾಲದ ಮೇಲೆ ಹರಿಯದಂತೆ ಗೋಡೆಯ ಬದಿ ಕೊಡಿ. ಮೂರು ನಾಲ್ಕು ಗಂಟೆಗೊಮ್ಮೆ ಹೊರಗೆ ಬಿಡುವ ಹೊತ್ತನ್ನು ಕ್ಯಾಲೆಂಡರ್‌ನಲ್ಲಿ ಹಾಕಿ, ಇಲ್ಲವಾದರೆ ಮೀಟಿಂಗು ಅದನ್ನು ನುಂಗುತ್ತದೆ.

ಕೆಡುವುದು ಹೆಚ್ಚಾಗಿ ಸಹೋದ್ಯೋಗಿಗಳ ಪ್ರೀತಿಯಿಂದ. ಒಬ್ಬರು ಬಿಸ್ಕತ್ತು ಹಾಕಿದರೆ ಸಾಕು, ನಾಯಿಯ ಗಮನ ಸಕ್ಕರೆ ಇಳಿದಾಗ ಬದಲಾಗುವ ನಿಮ್ಮ ವಾಸನೆಯಿಂದ ಅವರ ಕೈಗೆ ಹೋಗುತ್ತದೆ, ಎಚ್ಚರಿಕೆ ತಪ್ಪುತ್ತದೆ. ಮೊದಲ ದಿನವೇ ಹೇಳಿಬಿಡಿ: ಮುಟ್ಟಬೇಡಿ, ಕರೆಯಬೇಡಿ, ತಿನ್ನಿಸಬೇಡಿ.

ನಾಯಿ ಎಚ್ಚರಿಸಿದ ಕೂಡಲೇ ಅದಕ್ಕೆ ತಿಂಡಿ ಕೊಡುವುದು ಇನ್ನೊಂದು ಅಪಾಯ. ಬೇಜಾರಾದಾಗಲೆಲ್ಲ ತಿವಿದರೆ ತಿಂಡಿ ಸಿಗುತ್ತದೆ ಅಂತ ಅದು ಬೇಗ ಕಲಿಯುತ್ತದೆ. ಮೊದಲು ಬೆರಳು ಚುಚ್ಚಿ ನೋಡಿ. 70 ಮಿಲಿಗ್ರಾಂ/ಡೆಸಿಲೀಟರ್‌ಗಿಂತ ಕೆಳಗಿದ್ದರೆ ದೊಡ್ಡ ಬಹುಮಾನ. ಸಂಖ್ಯೆ ಸರಿಯಿದ್ದರೂ ಬೈಯಬೇಡಿ: ಸಕ್ಕರೆ ಇಳಿಯುವ ಹಾದಿಯಲ್ಲಿರಬಹುದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಅಳೆಯುವುದು ಜೀವಕೋಶಗಳ ನಡುವಿನ ದ್ರವದ ಸಕ್ಕರೆಯನ್ನು, ಅದು ರಕ್ತದ ಸಕ್ಕರೆಗಿಂತ ಕೆಲವು ನಿಮಿಷ ಹಿಂದಿರುತ್ತದೆ. ಹಾಗಂತ ಸೆನ್ಸರ್ ತೆಗೆದು ನಾಯಿಯನ್ನೇ ನಂಬುವುದು ಬೇಡ. ನಿದ್ದೆ, ಆಯಾಸ ಅದಕ್ಕೂ ಇದೆ.

ಬಿಳಿಮೋಡ:
ತುಂಬಾ ಉಪಕಾರವಾಯಿತು. ಪಕ್ಕದ ಮೇಜಿನವರಿಗೆ ನಾಯಿ ಕೂದಲಿನ ಅಲರ್ಜಿ ಇದ್ದರೆ?

ನೆರಳುಮರ:
ಅಂಗಡಿ, ಹೋಟೆಲ್‌ನಲ್ಲಿ ಅಲರ್ಜಿ ಅಥವಾ ಭಯದ ನೆಪದಿಂದ ನಿಮ್ಮನ್ನು ತಡೆಯುವಂತಿಲ್ಲ. ಆಫೀಸಿನಲ್ಲಿ ಅವರ ಅಲರ್ಜಿ ತೀವ್ರವಾಗಿದ್ದರೆ ಅದೂ ಅಂಗವೈಕಲ್ಯವಾಗಬಹುದು, ಆಗ ಕಂಪನಿ ಇಬ್ಬರಿಗೂ ದಾರಿ ಹುಡುಕಬೇಕು: ದೂರದ ಮೇಜು, ಗಾಳಿ ಶುದ್ಧಗೊಳಿಸುವ ಹೆಪಾ ಫಿಲ್ಟರ್, ಓಡಾಡಲು ಬೇರೆ ದಾರಿ. ನೀವೇ ಮೊದಲು ಈ ಆಯ್ಕೆಗಳನ್ನು ಮುಂದಿಟ್ಟರೆ ಮಾತು ಬೇಗ ಮುಗಿಯುತ್ತದೆ.

ಹಸಿರುದಾರಿ:
ಕಂಪನಿ ಕೆಲಸಕ್ಕೆ ವಿಮಾನ ಹತ್ತುವುದಿದ್ದರೆ ನಿಯಮ ಮತ್ತೆ ಬೇರೆ. ಅಲ್ಲಿ ಎಡಿಎ ಅಲ್ಲ, ವಿಮಾನ ಪಯಣದಲ್ಲಿ ಅಂಗವಿಕಲರ ಹಕ್ಕು ಕಾಯುವ ಏರ್ ಕ್ಯಾರಿಯರ್ ಆಕ್ಸೆಸ್ ಆಕ್ಟ್. 2021ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ, ನಾಯಿಯ ಆರೋಗ್ಯ, ನಡವಳಿಕೆ, ತರಬೇತಿ ಬಗ್ಗೆ ಸಾರಿಗೆ ಇಲಾಖೆಯ ಫಾರಂ ತುಂಬಿಕೊಡಿ ಎಂದು ವಿಮಾನ ಸಂಸ್ಥೆ ಕೇಳಬಹುದು. ಮುಂಚೆಯೇ ಟಿಕೆಟ್ ಮಾಡಿಸಿದ್ದರೆ 48 ಗಂಟೆ ಮೊದಲೇ ಕೊಡಿ ಅನ್ನಬಹುದು. 8 ಗಂಟೆ ಅಥವಾ ಹೆಚ್ಚಿನ ಪಯಣಕ್ಕೆ, ನಾಯಿ ಮಲಮೂತ್ರ ತಡೆದುಕೊಳ್ಳುತ್ತದೆ ಅಥವಾ ಗಲೀಜಾಗದಂತೆ ಮಾಡುತ್ತದೆ ಎಂಬ ಇನ್ನೊಂದು ಫಾರಂ. ನಾಯಿ ನಿಮ್ಮ ಕಾಲ ಬಳಿಯ ಜಾಗದಲ್ಲೇ ಹಿಡಿಸಬೇಕು, ಹಾಗಾಗಿ ದೊಡ್ಡ ತಳಿಯಾದರೆ ಸೀಟು ಆರಿಸುವ ಮೊದಲೇ ಫೋನ್ ಮಾಡಿ.